ಕುಬುಸದ ದಿನ ಮುಟ್ಟದ ಎಲೆ

ಮಾರ್ಕೆಟ್ ಯಾರ್ಡ್, ಪುಣೆ
೧೮ ನವೆಂಬರ್ ೨೦೨೪

ಕುಸುಮಾ,

ಪತ್ರದ ಮೊದಲಿಗೆ ಕ್ಷೇಮ ಕೇಳಬೇಕು. ನಾನು ಕೇಳುವುದಿಲ್ಲ. ಈ ಸಿಟ್ಟು ಇಳಿಯಲಿ ಅಂತ ಪಾಂಡುರಂಗನ ಮುಂದೆ ಹೋಗಿ ಕೂತೆ. ಅವನೂ ಸೊಂಟದ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತ. ಅದಕ್ಕೆ ನಿನಗೇ ಬರೆಯುತ್ತಿದ್ದೇನೆ.

ಶುಕ್ರವಾರ ನನ್ನ ಮಗಳು ತ್ರಿವೇಣಿಯ ಕುಬುಸ. ಚೊಚ್ಚಲ ಬಸುರಿ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತವಳ ಕಣ್ಣು ಹುಡುಕಿದ್ದು ನಿನ್ನನ್ನು. ನೀನು ಎಲ್ಲಿದ್ದೆ? ಬಾಗಿಲ ಸಂದಿಯಲ್ಲಿ, ಮೂಗಿನ ತನಕ ಸೆರಗು ಎಳೆದುಕೊಂಡು, ನಿನ್ನೆ ಮೊನ್ನೆ ಮನೆಗೆ ಬಂದ ಸೊಸೆಯ ಹಾಗೆ. "ಕುಸುಮಾ, ಆರತಿ ಹಾಡು ಹೇಳವಾ" ಅಂದರೆ ತಲೆ ಅಲ್ಲಾಡಿಸಿದೆ. ಬೆಳ್ಳಿಹಾಳದ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಊರೇ ಎದ್ದು ಕೂರುವ ಹಾಗೆ ಹಾಡುವವಳು ನೀನು. ಕೊನೆಗೆ ಪಕ್ಕದ ಮನೆಯ ಮರಾಠಿ ಬಾಯಿ ಎದ್ದು ಅವರ ಆರತಿ ಹೇಳಿದಳು. ನನ್ನ ಮಗಳ ಕುಬುಸಕ್ಕೆ ಒಂದು ಕನ್ನಡದ ಹಾಡು ಬೀಳಲಿಲ್ಲ.

ಅದನ್ನೂ ನುಂಗಿಕೊಂಡೆ. ಊಟದ ಎಲೆಯನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ನಿನಗೆ ಸಕ್ಕರೆ ಕಾಯಿಲೆ ಅಂತ ಎಲ್ಲರಿಗೂ ಹೋಳಿಗೆ ಬಡಿಸಿ, ನಿನಗೊಬ್ಬಳಿಗೆ ಬೇರೆ ಅಡುಗೆ ಮಾಡಿದ್ದೆ. ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ. ಬೆಳಗಿನ ಜಾವ ಮಡಿ ಉಟ್ಟು ನಾನೇ ಬಡಿದ ರೊಟ್ಟಿ ಅವು. ನೀನು ಏನು ಮಾಡಿದೆ? ಒಂದು ಚೂರು ಮುರಿದೆ, ಬದನೆಯ ರಸದಲ್ಲಿ ಅದ್ದಿದೆ, ಅಲ್ಲೇ ಇಟ್ಟು ಎದ್ದುಹೋದೆ. ತ್ರಿವೇಣಿಯ ಅತ್ತೆ ಇಂದೂಬಾಯಿ ಅವರಿಗೆ ಕಣ್ಣಿಲ್ಲವೇ? "ಯಾಕ್ರಿ ಬೀಗ್ತೀರs, ನಿಮ್ಮ ತಂಗ್ಯಾರು ನಮ್ಮ ಪಂಗ್ತಿನ್ಯಾಗ ಉಣ್ಣಂಗಿಲ್ಲೇನ್ರಿ?" ಅಂತ ವಿಮಾನ ನಗರದ ಬೀಗರೆಲ್ಲರ ಮುಂದೆ ಕೇಳಿಯೇಬಿಟ್ಟರು. ನಾನು ಏನು ಹೇಳಲಿ? ಏಕಾದಶಿ ಅನ್ನೋಣವೆಂದರೆ ಏಕಾದಶಿ ಮುಗಿದು ಹುಣ್ಣಿಮೆ ಬಂದಿತ್ತು. ಆ ತುಂಬಿದ ಎಂಜಲೆಲೆಯನ್ನು ನನ್ನ ಕೈಯಾರೆ ಎತ್ತಿದೆ. ಅನ್ನ ದೇವರನ್ನು ಕಸದ ಬುಟ್ಟಿಗೆ ಹಾಕಿದ ಪಾಪ ನಿನಗೋ ನನಗೋ, ನೀನೇ ಹೇಳು.

ಮರುದಿನ ನಾವು ಏಳುವ ಮೊದಲೇ ಲಿಂಬೆಹಣ್ಣಿನ ಗಾಡಿ ಹತ್ತಿ ಹೋಗಿಬಿಟ್ಟಿದ್ದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಫೋನ್ ಎತ್ತದವಳಿಗೆ ಪತ್ರವೇ ಗತಿ. ನಮ್ಮ ಮನೆಯವರ ಅಡತಿ ದಲಾಲಿ ಅಂಗಡಿಗೆ ನಿಮ್ಮೂರಿನ ಲಿಂಬೆ ತರುವ ಡ್ರೈವರ್ ಹಣಮಂತ್ರಾಯನ ಕೈಯಲ್ಲೇ ಕಳಿಸುತ್ತಿದ್ದೇನೆ. ನಮ್ಮ ಮನೆಯವರು ನೋಡಿ, "ಭೀಮವ್ವಾ, ಅದರಾಗ ಬರೇ ಬೆಂಕಿ ತುಂಬಬ್ಯಾಡ, ಗಾಡಿ ಹೊತ್ಗೀತು" ಅಂತ ನಗುತ್ತಾರೆ. ನನಗೆ ನಗು ಬರುತ್ತಿಲ್ಲ.

ನಾನು ಮಾಡಿದ ತಪ್ಪೇನು ಅಂತ ಬರೆ. ಬರೆಯದಿದ್ದರೆ ಕೂಸಿನ ತೊಟ್ಟಿಲಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡ.

ನಿನ್ನ ಅಕ್ಕ,
ಭೀಮವ್ವ


ಬೆಳ್ಳಿಹಾಳ, ವಿಜಯಪುರ ಜಿಲ್ಲೆ
೩೦ ನವೆಂಬರ್ ೨೦೨೪

ಅಕ್ಕಾ, ನಿನ್ನ ಪಾದಕ್ಕೆ ಹಣೆ ಹಚ್ಚಿ ನಮಸ್ಕಾರ.

ನೀನು ಏನೂ ತಪ್ಪು ಮಾಡಿಲ್ಲ. ನಿನಗೆ ಮೊದಲೇ ಹೇಳಬೇಕಿತ್ತು. ನಾನೊಂದು ವ್ರತ ಹಿಡಿದಿದ್ದೇನೆ. ಪರರ ಮನೆಯಲ್ಲಿ ಉಣ್ಣುವ ಹಾಗಿಲ್ಲ, ಮಾತೂ ಆದಷ್ಟು ಕಡಿಮೆ. ಅದಕ್ಕೇ ಫೋನ್ ಎತ್ತುವುದಿಲ್ಲ. ಫೋನೂ ಸ್ವಲ್ಪ ಕೆಟ್ಟಿದೆ.

ಇಂದೂಬಾಯಿ ಅವರಿಗೆ ನನ್ನ ಪರವಾಗಿ ಕೈ ಮುಗಿ. ತ್ರಿವೇಣಿ ಹಸಿರು ಸೀರೆಯಲ್ಲಿ ಲಕ್ಷ್ಮಿಯ ಹಾಗೆ ಕಾಣುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದೆ.

ತೊಟ್ಟಿಲಿಗೆ ಬರಬೇಡ ಅನ್ನಬೇಡ ಅಕ್ಕಾ.

ನಿನ್ನ ತಂಗಿ,
ಕುಸುಮ


ಮಾರ್ಕೆಟ್ ಯಾರ್ಡ್, ಪುಣೆ
೧೪ ಡಿಸೆಂಬರ್ ೨೦೨೪

ಕುಸುಮಾ,

ವ್ರತ ಅಂದರೆ ಅಕ್ಕ ಬಾಯಿ ಮುಚ್ಚುತ್ತಾಳೆ ಅಂತ ನಿನಗೆ ಚೆನ್ನಾಗಿ ಗೊತ್ತು. ಮುಚ್ಚಿದೆ. ದೇವರ ಕೆಲಸಕ್ಕೆ ನಾನು ಅಡ್ಡ ಬರುವವಳಲ್ಲ. ಆದರೂ ಕೇಳುತ್ತೇನೆ: ಯಾರು ಕೊಟ್ಟ ವ್ರತ? ಎಷ್ಟು ದಿನದ್ದು? ಒಡಹುಟ್ಟಿದ ಅಕ್ಕನ ಮನೆ ಪರರ ಮನೆ ಹೇಗಾಯಿತು? ಹಾಡು ಬಿಡಿಸುವ ವ್ರತವನ್ನು ನಾನು ಎಲ್ಲೂ ಕೇಳಿಲ್ಲ. ಮಾತು ಬಿಟ್ಟವರೂ ನಾಮಸ್ಮರಣೆ ಬಿಡುವುದಿಲ್ಲ. ನಮ್ಮ ಸಂತರು ದೇವರು ತನ್ನ ಹೆಸರು ಹೇಳುವುದಕ್ಕೇ ಬಾಯಿ ಕೊಟ್ಟಿದ್ದಾನೆ ಅಂದರು. ನೀನು ಅದಕ್ಕೇ ಬೀಗ ಹಾಕಿದ್ದೀ.

ಹಣಮಂತ್ರಾಯ ಹೇಳಿದ, "ಕುಸುಮಕ್ಕಾರು ಭಾಳ ಬಡವಾಗ್ಯಾರ್ರಿ ಯಕ್ಕಾ, ಗಾಳಿ ಬಿಟ್ರ ಹಾರಿ ಹೋಗ್ತಾರ." ವ್ರತ ಹಿಡಿದವರು ಬಡವಾಗದೆ ಬಲಿಯುತ್ತಾರೆಯೇ ಅಂತ ಅವನಿಗೇ ಬೈದೆ. ಅವನು ಏನೋ ಹೇಳಲು ಬಾಯಿ ತೆರೆದು, ಮತ್ತೆ ಲಿಂಬೆಯ ಚೀಲದ ಕಡೆ ತಿರುಗಿದ.

ಆಮೇಲೆ ಒಲೆ ಹಚ್ಚಿದೆ. ನನ್ನ ಮನೆಯಲ್ಲಿ ಉಣ್ಣದಿದ್ದರೆ ಬೇಡ, ನನ್ನ ಕೈಯ ಅಡುಗೆ ನಿನ್ನ ಮನೆಯಲ್ಲಿ ಉಣ್ಣಬಹುದಲ್ಲ? ಒಂದು ಡಬ್ಬಿ ಕಳಿಸಿದ್ದೇನೆ. ಕಡಕ್ ರೊಟ್ಟಿ ಇವೆ, ಚಕ್ಕುಲಿ ಇವೆ, ಹುರಿದ ಶೇಂಗಾ, ಪುಟಾಣಿ ಕಡಲೆ ಇವೆ. ಸಕ್ಕರೆ, ಬೆಲ್ಲ ಯಾವುದರಲ್ಲೂ ಇಲ್ಲ. ಚಕ್ಕುಲಿ ಗರಿಗರಿಯಾಗಿದೆ, ಕಚ್ಚಿದರೆ ಮುಂದಿನ ಮನೆಗೆ ಕೇಳಬೇಕು. ಸಂಕ್ರಾಂತಿಗೆ ಬಂದು ಹಾಡು ಹೇಳು, ಆಗ ಸಿಟ್ಟು ಬಿಡುತ್ತೇನೆ.

ಅಕ್ಕ


ಬೆಳ್ಳಿಹಾಳ
೩ ಜನವರಿ ೨೦೨೫

ಅಕ್ಕಾ, ನಮಸ್ಕಾರ.

ಡಬ್ಬಿ ಮುಟ್ಟಿತು. ಚಕ್ಕುಲಿ ಭಾಳ ಗರಿಯಾಗಿದ್ದವಂತೆ, ಓಣಿಯ ಹುಡುಗರೆಲ್ಲ ಹೇಳಿದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆ ಇಟ್ಟು ಉಂಡೆ. ಚಲೋ ಇದ್ದವು.

ಸಂಕ್ರಾಂತಿಗೆ ಬರಲು ಆಗುವುದಿಲ್ಲ. ಸಂಜೆಯಾದರೆ ಸ್ವಲ್ಪ ಜ್ವರ ಬರುತ್ತದೆ. ಸಕ್ಕರೆಯೂ ಏರಿದೆ ಅಂತ ಇಲ್ಲಿನ ಡಾಕ್ಟರು ಗುಳಿಗೆ ಹೆಚ್ಚು ಮಾಡಿದ್ದಾರೆ. "ಕದ್ದು ಸಿಹಿ ತಿಂತೀರಿ ನೀವು" ಅಂತ ಎಲ್ಲರ ಮುಂದೆ ಅಂದರು. ನಮ್ಮ ಮನೆಯವರೂ ಹಾಗೇ ಅನ್ನುತ್ತಾರೆ. ಇರಲಿ ಬಿಡು.

ತ್ರಿವೇಣಿ ಹುಷಾರಾಗಿರಲಿ.

ಕುಸುಮ


ಮಾರ್ಕೆಟ್ ಯಾರ್ಡ್, ಪುಣೆ
೨೦ ಜನವರಿ ೨೦೨೫

ಕುಸುಮಾ,

ವ್ರತವಂತೆ ವ್ರತ! ಪಾಂಡುರಂಗನನ್ನು ಅಡ್ಡ ಇಟ್ಟುಕೊಂಡು ಒಡಹುಟ್ಟಿದವಳಿಗೆ ಸುಳ್ಳು ಬರೆಯಲು ನಿನ್ನ ಕೈ ಹೇಗೆ ಓಡಿತು?

ನಿನ್ನೆ ಹಣಮಂತ್ರಾಯ ಗಾಡಿ ಖಾಲಿ ಮಾಡಿಸಿ ಮನೆಗೆ ಬಂದಿದ್ದ. ಅವನ ತಾಯಿಗೂ ಇರಲಿ ಅಂತ ಸಂಕ್ರಾಂತಿಯ ಎಳ್ಳು ರೊಟ್ಟಿ ಕಟ್ಟಿ ಕೊಟ್ಟೆ. "ಬ್ಯಾಡ್ರಿ ಯಕ್ಕಾ, ನಮ್ಮವ್ವಗ ಹಲ್ಲಿಲ್ಲ. ಕುಸುಮಕ್ಕಾರ ಜೋಡಿನ ಕೀಳ್ಸಿಕೊಂಡಾಳಲ್ರಿ" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ನಾನು ಬಾಗಿಲಿಗೆ ಅಡ್ಡ ನಿಂತೆ. "ಹೇಳಪಾ, ಪೂರಾ ಹೇಳು. ಹೇಳದ ಈ ಹೊಸ್ತಿಲಾ ದಾಟೂ ಹಂಗಿಲ್ಲ." "ನಿಮಗ ಹೇಳಬಾರದಂತ ಆಣಿ ಹಾಕ್ಯಾರ್ರಿ ಅವರು." "ಆಣಿ ನಾ ತಗೀತೀನಿ, ನೀ ಬಾಯಿ ತಗಿ."

ತೆಗೆದ. ನಿಮ್ಮ ಎಮ್ಮೆಲ್ಲೆ ಸಾಹೇಬರ ಹುಟ್ಟುಹಬ್ಬವಂತೆ, ಅದಕ್ಕೆ ಹಲ್ಲಿನ ಶಿಬಿರವಂತೆ. ಊರ ಹೆಂಗಸರನ್ನು ಸಾಲಾಗಿ ಕೂರಿಸಿ ಹಲ್ಲು ಕಿತ್ತರಂತೆ, ಹೊಸ ಸೆಟ್ಟು ಕೊಡುತ್ತೇವೆ ಅಂದರಂತೆ, ಹೋದವರು ತಿರುಗಿ ನೋಡಿಲ್ಲವಂತೆ. ಕೇಳುತ್ತಾ ನನ್ನ ಕೈಯ ರೊಟ್ಟಿ ಕೈಯಲ್ಲೇ ಪುಡಿಯಾಯಿತು.

ಇದು ಯಾವ ದೇಶದ ಧರ್ಮ? ಹಣ್ಣಿನ ಗಿಡಕ್ಕೆ ಹುಳ ಬಿದ್ದರೆ ಮೊದಲು ಮದ್ದು ಹೊಡೆಯುತ್ತಾರೆ, ಕೊಡಲಿ ತರುವುದಿಲ್ಲ. ನಿನಗಿನ್ನೂ ನಲವತ್ತಾರು ವರ್ಷ. ಅವರ ಹುಟ್ಟುಹಬ್ಬಕ್ಕೆ ನಿನ್ನ ಬಾಯಿಯೇ ಕಾಣಿಕೆಯೇ?

ಮತ್ತೆ ನೀನು! ಊರಿನವರಿಗೆಲ್ಲ ಗೊತ್ತು, ಲಾರಿ ಡ್ರೈವರನಿಗೆ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಹಲ್ಲಿಲ್ಲದವಳಿಗೆ ನಾನು ಹುರಿದ ಶೇಂಗಾ ಕಳಿಸಿದೆ, ಚಕ್ಕುಲಿ ಕಳಿಸಿದೆ. ಅದನ್ನು ಎದುರಿಗೆ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆ ನೀನು? ಅದನ್ನು ನೆನೆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅದಕ್ಕೇ ನಿನ್ನ ಮೇಲೆ ಇನ್ನೂ ಹೆಚ್ಚು ಬರುತ್ತದೆ.

ಈ ಸಲ ಸುಳ್ಳು ಬರೆದರೆ ನಾನೇ ಗಾಡಿ ಹತ್ತಿ ಬರುತ್ತೇನೆ. ಇದ್ದದ್ದು ಇದ್ದ ಹಾಗೆ ಬರೆ.

ಭೀಮವ್ವ


ಬೆಳ್ಳಿಹಾಳ
೨೮ ಜನವರಿ ೨೦೨೫

ಅಕ್ಕಾ,

ಹಣಮಂತ್ರಾಯನಿಗೆ ಬೈಯಬೇಡ. ಅವನು ಪತ್ರ ಕೊಟ್ಟು ಅಂಗಳದಲ್ಲೇ ತಲೆ ಬಗ್ಗಿಸಿ ನಿಂತಿದ್ದ.

ಇದ್ದದ್ದು ಹೀಗೆ. ಸಕ್ಕರೆ ಬಂದ ಮೇಲೆ ನನ್ನ ವಸಡು ಬಾತುಕೊಳ್ಳುತ್ತಿತ್ತು. ಹಲ್ಲುಜ್ಜಿದರೆ ರಕ್ತ. ಎರಡು ಹಲ್ಲು ಅಲ್ಲಾಡುತ್ತಿದ್ದವು. ನಾನು ಉಪ್ಪು, ಲವಂಗ ಅಂತ ಮಾಡಿಕೊಳ್ಳುತ್ತಿದ್ದೆ. ಸೆಪ್ಟೆಂಬರಿನಲ್ಲಿ ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿದರು. ಯಾವುದೋ ಟ್ರಸ್ಟಿನವರು. ಪುಕ್ಕಟೆ ತಪಾಸಣೆ ಅಂದರು. ಭಜನಾ ಮಂಡಳಿಯವರೆಲ್ಲ ಕೂಡಿಯೇ ಹೋದೆವು. ಹೋದ ಕೂಡಲೇ ನಮ್ಮಿಂದ ಸಾಹೇಬರಿಗೆ ಸ್ವಾಗತ ಗೀತೆ ಹಾಡಿಸಿದರು. ಅಕ್ಕಾ, ನನ್ನ ಹಲ್ಲು ಇದ್ದಾಗ ನಾನು ಹಾಡಿದ ಕೊನೆಯ ಹಾಡು ಅದು.

ಡಾಕ್ಟರು ಹುಡುಗ ಬಾಯಿಯಲ್ಲಿ ಬ್ಯಾಟರಿ ಬೆಳಕು ಬಿಟ್ಟ. "ಅಲ್ಲಾಡು ಎರಡು ತಗೀರಿ ಸಾಕು" ಅಂದೆ. ಹಿಂದೆ ನಿಂತಿದ್ದ ಟ್ರಸ್ಟಿನವ, "ಅವ್ವಾರs, ಎರಡ ತಗದ್ರ ಸೆಟ್ಟು ಕುಂಡ್ರಂಗಿಲ್ಲ. ಸಾಲ ಪೂರಾ ತಗದ್ರ ಮುತ್ತಿನಂಥಾ ಹೊಸಾ ಹಲ್ಲು ಬರ್ತಾವ. ದಸರಾಕ್ಕ ಹೋಳಿಗಿ ಕಡೀರಿ" ಅಂದ. ಸಕ್ಕರೆ ಇದೆಯೋ ಇಲ್ಲವೋ ಯಾರೂ ಕೇಳಲಿಲ್ಲ. ನಾನು ಹೇಳಿದೆ. "ಏನೂ ಆಗಂಗಿಲ್ರಿ" ಅಂದರು. ಮೇಲಿನ ಸಾಲು ಪೂರ್ತಿ ಹೋಯಿತು, ಕೆಳಗೆ ಮುಂದಿನವೂ ಹೋದವು. ಗಟ್ಟಿಯಿದ್ದವೂ ಹೋದವು. ಬಾಯಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾಗ ಫೋಟೋ ತೆಗೆದರು. ಆ ಫೋಟೋ ಬಸ್ಟ್ಯಾಂಡಿನ ಬ್ಯಾನರಿನಲ್ಲಿ ಬಂತು. ದಸರಾ ಬಂತು, ಹಲ್ಲು ಬರಲಿಲ್ಲ. ಫೋನ್ ಮಾಡಿದರೆ ದೀಪಾವಳಿ ಅಂದರು. ಆಮೇಲೆ ಫೋನ್ ಎತ್ತಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂತೀಯ. ಕನ್ನಡಿಯಲ್ಲಿ ನೋಡಿದರೆ ನಮ್ಮ ಮುತ್ತಜ್ಜಿ ಕಂಡಳು. ಮಾತಾಡಿದರೆ ಬರೀ ಗಾಳಿ ಹೋಗುತ್ತದೆ. ಓಣಿಯ ಹುಡುಗರು ಬೊಚ್ಚಬಾಯಿ ಅಂತಾರೆ. ಒಂದು ದಿನ ಭಜನೆಯಲ್ಲಿ ವಿಠ್ಠಲ ಅಂತ ದನಿ ಎತ್ತಿದೆ, ಹೆಸರೇ ಮೂಡಲಿಲ್ಲ. ಯಾರೋ ಕಿಸಕ್ ಅಂದರು. ತಾಳ ಕೆಳಗಿಟ್ಟು ಎದ್ದು ಬಂದೆ. ಇದನ್ನು ಫೋನಿನಲ್ಲಿ ಹೇಗೆ ಹೇಳಲಿ? ಪತ್ರದಲ್ಲಾದರೆ ಹಲ್ಲಿದ್ದವರ ಹಾಗೆ ಮಾತಾಡಬಹುದು. ಕುಬುಸದ ದಿನ ನಿನ್ನ ರೊಟ್ಟಿ ನೋಡಿ ಬಾಯಲ್ಲಿ ನೀರು ಬಂತು, ಅಕ್ಕಾ. ಎಲ್ಲರ ಮುಂದೆ ಅದನ್ನು ಚೀಪುತ್ತಾ ಕೂರುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದೇ ಮೇಲು ಅನ್ನಿಸಿತು.

ಈಗ ನಾನು ಉಣ್ಣುವುದು ಮೆತ್ತಗಿನ ಅನ್ನ, ಬಾಳೆಹಣ್ಣು, ಚಹಾದಲ್ಲಿ ಅದ್ದಿದ ಬಿಸ್ಕಿಟ್. ರೊಟ್ಟಿ ಇಲ್ಲ, ಕಾಳು ಇಲ್ಲ, ಸೊಪ್ಪು ಇಲ್ಲ. ಎಡಗಡೆ ಕೆಳಗಿನ ದವಡೆಯಲ್ಲಿ ಕಿತ್ತ ಗಾಯ ಇನ್ನೂ ಮಾಯ್ದಿಲ್ಲ. ಒತ್ತಿದರೆ ಕೀವು ಬರುತ್ತದೆ.

ಚಿಕ್ಕವರಿದ್ದಾಗ ನಾನು ಕಚ್ಚಿದ ಪ್ಯಾರಲಹಣ್ಣು ಕೊಟ್ಟರೆ ನೀನು ಎಂಜಲು ಅಂತ ಒಗೆದು ಬಿಡುತ್ತಿದ್ದೆ. ಈಗ ಕಚ್ಚಿ ಕೊಡಲು ನನಗೆ ಹಲ್ಲೇ ಇಲ್ಲ ನೋಡು.

ಕುಸುಮ


ಮಾರ್ಕೆಟ್ ಯಾರ್ಡ್, ಪುಣೆ
೨ ಫೆಬ್ರವರಿ ೨೦೨೫

ಕುಸುಮಾ,

ನಿನ್ನ ಪತ್ರ ಓದಿ ನಾನು ಅಳಲಿಲ್ಲ. ನಮ್ಮ ಮನೆಯವರು ಅತ್ತರು. ನಾನು ಚಪ್ಪಲಿ ಹಾಕಿಕೊಂಡು ಸೀದಾ ಗುಲ್ಟೇಕಡಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ತ್ರಿವೇಣಿಯ ವಸಡು ಬಾತು ರಕ್ತ ಬಂದಾಗ ಅವಳನ್ನು ಅಲ್ಲಿಗೇ ಒಯ್ದಿದ್ದೆ. ಬಸುರಿಯ ಹಲ್ಲು ಯಾರೂ ಮುಟ್ಟಬಾರದು ಅಂತ ಇಂದೂಬಾಯಿ ಗಲಾಟೆ ಮಾಡಿದ್ದರು. ಬಸುರಿಯಲ್ಲೇ ಹೆಚ್ಚು ನೋಡಬೇಕು ಅಂತ ಈ ಡಾಕ್ಟರಮ್ಮ ಅವರ ಬಾಯಿ ಮುಚ್ಚಿಸಿದ್ದಳು.

ನಿನ್ನ ಪತ್ರವನ್ನು ಅವಳಿಗೆ ಮರಾಠಿಯಲ್ಲಿ ಹೇಳುತ್ತಾ ಹೋದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಕೆಂಪಾಯಿತು. ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ, ನೀನೂ ಓದು, ನಿನ್ನ ಗಂಡನಿಗೂ ಓದಿ ತೋರಿಸು.

"ಮಾವಶಿ, ನಿಮ್ಮ ತಂಗಿ ಕದ್ದು ತಿಂದಿಲ್ಲ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನಲ್ಲಿ ಕೀವು ಇದ್ದರೆ ಸಕ್ಕರೆ ಇಳಿಯುವುದಿಲ್ಲ. ಒಂದನ್ನೊಂದು ಹಿಡಿದು ಜಗ್ಗುತ್ತವೆ. ಆ ಗಾಯ ಹಾಗೇ ಬಿಟ್ಟರೆ ಬಾಯಲ್ಲೇ ಉಳಿಯುತ್ತದೆ ಅಂದುಕೊಳ್ಳಬೇಡಿ, ರಕ್ತಕ್ಕೆ ಇಳಿಯುತ್ತದೆ, ಜೀವಕ್ಕೇ ಬರಬಹುದು. ಹಲ್ಲಿಲ್ಲದೆ ಮೆತ್ತಗಿನದನ್ನೇ ತಿಂದರೆ ಸಕ್ಕರೆ ಇನ್ನೂ ಏರುತ್ತದೆ. ತಡ ಮಾಡದೆ ಕರೆಸಿ."

ಕೇಳಿದೆಯಾ? ಗುಳಿಗೆಯ ಮೇಲೆ ಗುಳಿಗೆ ಬರೆದ ನಿಮ್ಮೂರ ಡಾಕ್ಟರು ಒಂದು ಸಲವಾದರೂ "ಬಾಯಿ ತೆಗೀರಿ" ಅಂದರೇ? ಕೈ ನೋಡಿದರು, ಕಾಲು ನೋಡಿದರು, ಕಣ್ಣು ನೋಡಿದರು. ಬಾಯಿ ಏನು ಬೇರೆಯವರ ಮನೆಯೇ? ಕಳ್ಳಿ ಅಂತ ಹೆಸರಿಡಲು ಮಾತ್ರ ಬಾಯಿ ಬಂತು ಅವರಿಗೆ. ನಿನ್ನ ಗಂಡನೂ ನಂಬಿದ! ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದನಂತೆ, ಹಣಮಂತ್ರಾಯ ಅದನ್ನೂ ಹೇಳಿದ. ಅವನಿಗೆ ನಾನು ಎದುರಿಗೇ ಹೇಳುತ್ತೇನೆ, ಪತ್ರದಲ್ಲಿ ಬರೆಯುವಂಥ ಮಾತುಗಳಲ್ಲ ಅವು.

ಮಂಗಳವಾರದ ಗಾಡಿಗೆ ಬಾ. ಮುಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಕರೆತಾ ಅಂತ ಹಣಮಂತ್ರಾಯನಿಗೆ ಹೇಳಿದ್ದೇನೆ. ದುಡ್ಡಿನ ಮಾತು ಎತ್ತಿದರೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ. ತ್ರಿವೇಣಿಗೆ ಇವತ್ತೋ ನಾಳೆಯೋ ಅನ್ನುವಂತಿದೆ, ನನಗೆ ಕೈ ಆಸರೆಯೂ ಬೇಕು.

ಮತ್ತೊಂದು. ಬರುವಾಗ ಸೆರಗು ತಲೆಯ ಮೇಲಿರಲಿ. ಬಾಯಿಯ ಮೇಲೆ ಬೇಡ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ.

ಅಕ್ಕ


ಬೆಳ್ಳಿಹಾಳ
೨೬ ಸೆಪ್ಟೆಂಬರ್ ೨೦೨೫

ಅಕ್ಕಾ, ನಿನ್ನ ಪಾದಕ್ಕೆ, ಮಾಮಾ ಅವರ ಪಾದಕ್ಕೆ, ತೊಟ್ಟಿಲಲ್ಲಿರುವ ನಮ್ಮ ದೊರೆಸಾನಿಯ ಪಾದಕ್ಕೂ ನಮಸ್ಕಾರ.

ನಿನ್ನ ಮನೆಯಿಂದ ಊರಿಗೆ ಬಂದ ಮೇಲೆ ಇದೇ ಮೊದಲ ಪತ್ರ. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಪತ್ರ ಏಕೆ ಅಂತೀಯ. ಇದು ಫೋನಿನಲ್ಲಿ ಹೇಳುವಂಥದಲ್ಲ. ನೀನು ದೇವರ ಮಾಡದ ಕೆಳಗೆ ಕೂತು ಓದಬೇಕು, ಮಾಮಾ ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ.

ಮೊದಲು ತಬ್ಯೇತಿನ ಮಾತು. ಡಾಕ್ಟರಮ್ಮ ದವಡೆಯಲ್ಲಿ ಮುರಿದು ಉಳಿದಿದ್ದ ಬೇರಿನ ತುಂಡು ತೆಗೆದ ಮೇಲೆ ಇಳಿಯಲು ಹತ್ತಿದ ಸಕ್ಕರೆ ಹತೋಟಿಯಲ್ಲೇ ಇದೆ. ಸಂಜೆಯ ಜ್ವರ ಇಲ್ಲ. ಹೊಸ ಹಲ್ಲಿನ ಸೆಟ್ಟನ್ನು ಮಲಗುವಾಗ ತೆಗೆದು ನೀರಿನಲ್ಲಿ ಇಡುತ್ತೇನೆ, ಉಳಿದ ಹಲ್ಲನ್ನು ಎರಡು ಹೊತ್ತು ಉಜ್ಜುತ್ತೇನೆ. ನಮ್ಮ ಮನೆಯವರು ಸಕ್ಕರೆ ಡಬ್ಬಿಯನ್ನು ತಾವೇ ಕೆಳಗಿಳಿಸಿದರು. ನೀನು ಅವರಿಗೆ ಏನು ಅಂದೆಯೋ, ಈಗಲೂ ನಿನ್ನ ಫೋನ್ ಬಂದರೆ ಎದ್ದು ನಿಲ್ಲುತ್ತಾರೆ.

ಇನ್ನು ನಡೆದದ್ದು ಕೇಳು. ಸಾಹೇಬರ ಹುಟ್ಟುಹಬ್ಬ ಮತ್ತೆ ಬಂತು. ಅದೇ ಮೈದಾನ, ಅದೇ ಪೆಂಡಾಲು, ಅದೇ ಹಲ್ಲಿನ ಶಿಬಿರ. ಟ್ರಸ್ಟಿನವ ನನ್ನ ಮನೆಗೇ ಬಂದ. "ಅವ್ವಾರs, ನಿಮ್ಮ ಮಂಡಳಿದು ಸ್ವಾಗತ ಗೀತೆ ಆಗಬೇಕ್ರಿ." ಅವನಿಗೆ ನನ್ನ ಗುರುತೇ ಸಿಗಲಿಲ್ಲ ಅಕ್ಕಾ. ಬಾಯಲ್ಲಿ ಹಲ್ಲಿದ್ದವು ನೋಡು. "ಆಗಲ್ರಿ, ಹಾಡೂಣು" ಅಂದೆ.

ನಿನಗೆ ನೆನಪಿದೆಯೇ, ನಿನ್ನ ಮನೆಯಲ್ಲಿ ನಾನು ಸೆರಗು ಸರಿಸಿ ನಕ್ಕ ಮೊದಲ ದಿನ? ಕೂಸು ಹುಟ್ಟಿ ತಿಂಗಳಾಗಿತ್ತು. ಅದೂ ಬೊಚ್ಚಬಾಯಿ ತೆರೆದು ನಕ್ಕಿತು, ನಾನೂ ನಕ್ಕೆ. "ಇಬ್ರೂ ಒಂದs ಅಂಗಡಿ ಗಿರಾಕಿ" ಅಂದರು ಮಾಮಾ. ಕೂಸು ಬಾಯಿ ಮುಚ್ಚಿಕೊಳ್ಳಲಿಲ್ಲ, ನಾನೇಕೆ ಮುಚ್ಚಲಿ ಅನ್ನಿಸಿತ್ತು. ಅದನ್ನೇ ನಮ್ಮ ಮಂಡಳಿಯ ಹೆಂಗಸರಿಗೆ ಹೇಳಿದೆ.

ನಾವು ಸ್ಟೇಜು ಹತ್ತಿದೆವು. ಎಲ್ಲರ ಸೆರಗೂ ಮೂಗಿನ ತನಕ. ಮುಂದೆ ಸಾಹೇಬರು ಹಾರ ಹಾಕಿಕೊಂಡು ಕೂತಿದ್ದರು. ನಾನು ಮೈಕಿನ ಮುಂದೆ ನಿಂತೆ. "ಸಾಹೇಬ್ರ, ಹಾಡಾಕ ಬಂದೀವ್ರಿ. ಆದ್ರ ನಮ್ಮ ಮಂಡಳಿ ಹಲ್ಲು ಹೋದ ವರ್ಷ ನೀವs ಒಯ್ದೀರಿ. ತಂದೀರೇನ್ರಿ?" ಅಂದೆ. ಸೆಟ್ಟನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದೆ. ಹಿಂದಕ್ಕೆ ತಿರುಗಿ ತಲೆ ಆಡಿಸಿದೆ. ಎಲ್ಲರೂ ಸೆರಗು ಇಳಿಸಿ ಬಾಯಿ ತೆರೆದರು.

ಅಕ್ಕಾ, ಫೋಟೋದವ ಕ್ಯಾಮೆರಾ ಕೆಳಗಿಳಿಸಿದ.

ಹಣಮಂತ್ರಾಯನ ತಾಯಿ ಫೋಟೋದವನಿಗೆ, "ಯಾಕೋ ತಮ್ಮಾ ನಿಂತಿ? ಹೋದ ವರ್ಷ ಹತ್ತಿ ಇಟ್ಟಾಗ ತಗದಿ, ಈಗೂ ತಗಿ" ಅಂದಳು. ಸಾಹೇಬರು ಎದ್ದು ನಿಂತು, "ತಾಯಂದಿರs, ಇದರಾಗ ರಾಜಕೀಯ ಬ್ಯಾಡ್ರಿ" ಅಂದರು. ಅದಕ್ಕೆ ಆಕೆ ಏನಂದಳು ಗೊತ್ತೇ? "ರಾಜಕೀಯ ಅಲ್ಲೋ ಯಪ್ಪಾ, ರೊಟ್ಟಿ. ವರ್ಷ ಆತು ನಾ ರೊಟ್ಟಿ ಕಡದು."

ಆಮೇಲೆ ಗಲಾಟೆಯಾಯಿತು. ಈ ವರ್ಷ ಬಂದಿದ್ದ ಡಾಕ್ಟರು ಹುಡುಗಿ ಒಬ್ಬಳು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. ಸಕ್ಕರೆ, ರಕ್ತದೊತ್ತಡ ನೋಡದೆ ಒಂದು ಹಲ್ಲನ್ನೂ ಕೀಳುವುದಿಲ್ಲ ಅಂದಳು. ಅವತ್ತು ಯಾರ ಹಲ್ಲನ್ನೂ ಕೀಳಲಿಲ್ಲ. ನಮ್ಮ ಸೆಟ್ಟುಗಳು? ದೀಪಾವಳಿಯೊಳಗೆ ಅಂತ ಸಾಹೇಬರು ಮೈಕಿನಲ್ಲಿ ಹೇಳಿದರು. ಹೋದ ವರ್ಷವೂ ದೀಪಾವಳಿ ಅಂದಿದ್ದರು. ಬರದಿದ್ದರೆ ಮಂಡಳಿ ತಾಳ ತೆಗೆದುಕೊಂಡು ಅವರ ಮನೆಯ ಮುಂದೆಯೇ ಭಜನೆಗೆ ಕೂರುತ್ತದೆ. ಹಲ್ಲಿಲ್ಲದ ಬಾಯಿಯಿಂದಲೇ.

ದಸರಾ ಬಂತು. ಬನ್ನಿ ಎಲೆ, ಒಂದು ಡಬ್ಬಿ ಕಳಿಸಿದ್ದೇನೆ. ಡಬ್ಬಿಯನ್ನು ನೀನೇ ತೆಗೆ.

ಕುಸುಮ


ಮಾರ್ಕೆಟ್ ಯಾರ್ಡ್, ಪುಣೆ
೫ ಅಕ್ಟೋಬರ್ ೨೦೨೫

ಕುಸುಮಾ,

ನೀನು ಹೇಳಿದ ಹಾಗೆಯೇ ದೇವರ ಮಾಡದ ಕೆಳಗೆ ಕೂತು ಗಟ್ಟಿಯಾಗಿ ಓದಿದೆ. ನಿನ್ನ ಮಾಮಾ ಎರಡು ಸಲ ಓದಿಸಿದರು. ಮೂರನೆಯ ಸಲಕ್ಕೆ ಇಂದೂಬಾಯಿ ಬಂದರು, ಅವರಿಗೂ ಓದಿದೆ. "ಹಂಗಾರ ಅವತ್ತ ನಮ್ಮ ಪಂಗ್ತಿಗಿ ಹೇಸಿ ಎದ್ದಿದ್ದಲ್ಲೇನ್ರಿ" ಅಂದರು. ಅಲ್ಲ ಅಂದೆ. ಆಮೇಲೆ ತಮ್ಮ ಬಲಗಡೆಯ ಹಲ್ಲು ನೋಯುತ್ತಿದೆ, ಡಾಕ್ಟರಮ್ಮನ ಹತ್ತಿರ ಯಾವಾಗ ಹೋಗೋಣ ಅಂತ ಕೇಳಿದರು.

ನನ್ನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ದೀಪಾವಳಿಗೆ ಸೆಟ್ಟು ಬರದಿದ್ದರೆ ನಾನೂ ಬರುತ್ತೇನೆ. ನನ್ನ ತಾಳ ಇನ್ನೂ ಪೆಟ್ಟಿಗೆಯಲ್ಲಿದೆ.

ಈಗ ನಿನ್ನ ಡಬ್ಬಿಯ ಮಾತು. ಬನ್ನಿ ಎಲೆಯನ್ನು ದೇವರ ಮುಂದೆ ಇಟ್ಟೆ, ಸರಿ. ಅದರ ಕೆಳಗೆ ರೊಟ್ಟಿ. ಮೇಲಿನ ರೊಟ್ಟಿಗೆ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು! ಯಾರಿಗಾದರೂ ಎಂಜಲು ಕಳಿಸುತ್ತಾರೆಯೇ? ಅದೂ ದಸರಾದ ದಿನ, ಅದೂ ನನಗೆ, ಅದೂ ಬನ್ನಿಯ ಜೊತೆ! ಮಡಿ ಮೈಲಿಗೆ ಅನ್ನುವುದು ನಿನ್ನ ಹಲ್ಲಿನ ಜೊತೆಯೇ ಕಿತ್ತುಹೋಯಿತೇ? ಡಾಕ್ಟರಮ್ಮ ಎಷ್ಟು ಸಲ ಹೇಳಿದ್ದಳು, ಕಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಚ್ಚಬೇಡ, ಮುರಿದು ಹಿಂದಿನಿಂದ ಅಗಿ ಅಂತ. ಆ ಗುರುತು ನೋಡಿದರೆ ಗೊತ್ತಾಗುತ್ತದೆ, ಎಲ್ಲಾ ಬಲ ಹಾಕಿ ಮುಂದಿನಿಂದಲೇ ಕಚ್ಚಿದ್ದೀ. ಸೆಟ್ಟು ಮುರಿದರೆ ಯಾರು ಕೊಡುತ್ತಾರೆ, ನಿನ್ನ ಸಾಹೇಬರೇ?

ಮೊಮ್ಮಗಳಿಗೆ ಕೆಳಗೆ ಎರಡು ಹಲ್ಲು ಮೂಡಿವೆ. ಆ ರೊಟ್ಟಿಯನ್ನು ಕೈಯಿಂದ ಕಸಿದುಕೊಳ್ಳಲು ನೋಡಿತು. ಕೊಡಲಿಲ್ಲ. ಅಡುಗೆಮನೆಗೆ ಒಯ್ದು ಬಾಗಿಲು ಮುಂದೆ ಮಾಡಿದೆ. ನೀನು ಕಚ್ಚಿ ಬಿಟ್ಟ ಜಾಗದಲ್ಲೇ ನಾನೂ ಕಚ್ಚಿದೆ.

ಉಪ್ಪು ಸ್ವಲ್ಪ ಹೆಚ್ಚಾಗಿದೆ.

ಅಕ್ಕ